ಶಾಸನದ ಕಲ್ಲು ಮತ್ತು ವಿಕಿರಣ ತ್ಯಾಜ್ಯದ ಕಾನೂನು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಬೆಳಗಾವಿ ಜಿಲ್ಲೆಯ ಗಡಿಭಾಗದ ಪ್ರದೇಶಗಳು. ರಟ್ಟರ ಕೂಂಡಿ-3000 ನಾಡು ಈ ಭಾಗದಲ್ಲಿ ಹರಡಿತ್ತು. ಅಂದಿನ ದಾನಶಾಸನಗಳು ದತ್ತಿಯು 'ಆಚಂದ್ರಾರ್ಕ'ವಾಗಿ, ಅಂದರೆ ಸೂರ್ಯಚಂದ್ರರಿರುವವರೆಗೆ ಸಲ್ಲಬೇಕೆಂದು ವಿಧಿಸುತ್ತವೆ. ಕಾಯ್ದವನಿಗೆ ಪುಣ್ಯವನ್ನೂ ಅಳಿದವನಿಗೆ ಕವಿಲೆಯನ್ನು ಕೊಂದ ಪಾಪವನ್ನೂ ಹೇಳುತ್ತವೆ. ಕಲ್ಲಿನ ನೆತ್ತಿಯಲ್ಲಿ ಕೆತ್ತಿದ ಸೂರ್ಯ, ಚಂದ್ರ, ಹಸು-ಕರುಗಳ ಚಿತ್ರಗಳು ಅಕ್ಷರ ಬಾರದವನಿಗೂ ಎಚ್ಚರಿಕೆ ನೀಡುತ್ತಿದ್ದವು.

ಆದರೆ ಕಲ್ಲು ಉಳಿದಷ್ಟು ಕಾಲ ಅದರ ಅರ್ಥ ಉಳಿಯುವುದಿಲ್ಲ. ಕಾಗವಾಡದ ಜೈನ ಬಸದಿಯ ನೆಲಮಾಳಿಗೆಯಲ್ಲಿರುವ ಕ್ರಿ.ಶ. 1394ರ ಶಾಸನ ಯಾಪನೀಯ ಸಂಘದ ಮುನಿಗಳನ್ನು ಹೆಸರಿಸುತ್ತದೆ. ಇಂದು ಆ ಸಂಘವಿಲ್ಲ. ಶಾಸನವನ್ನು ಓದಿ ಹೇಳಲು ವಿದ್ವಾಂಸರು ಬೇಕಾಯಿತು. ನೆಲದಡಿಯಲ್ಲಿಟ್ಟದ್ದರ ನೆನಪನ್ನು ಮುಂದಿನವರಿಗೆ ದಾಟಿಸುವ ಈ ಪ್ರಶ್ನೆಯೇ ವಿಕಿರಣಶೀಲ ತ್ಯಾಜ್ಯದ ಕಾನೂನಿಗೂ ಎದುರಾಗಿದೆ.

ಭಾರತದಲ್ಲಿ 1962ರ ಪರಮಾಣು ಶಕ್ತಿ ಕಾಯಿದೆಯ ಅಡಿಯಲ್ಲಿ ವಿಕಿರಣಶೀಲ ತ್ಯಾಜ್ಯಗಳ ಸುರಕ್ಷಿತ ವಿಲೇವಾರಿ ನಿಯಮಗಳು 1987ರಲ್ಲಿ ರೂಪುಗೊಂಡವು. ಸಕ್ಷಮ ಪ್ರಾಧಿಕಾರದ ಅನುಮತಿಯಿಲ್ಲದೆ ಯಾರೂ ಇಂಥ ತ್ಯಾಜ್ಯವನ್ನು ವಿಲೇವಾರಿ ಮಾಡಕೂಡದು. ಮಾಡಿದರೂ ಅನುಮತಿಸಿದ ಸ್ಥಳದಲ್ಲಿ, ಅನುಮತಿಸಿದ ಪ್ರಮಾಣದಲ್ಲಿಯೇ ಮಾಡಬೇಕು. ಅದರ ದಾಖಲೆಯನ್ನು ಇಡಬೇಕು ಎಂಬುದು ಅವುಗಳ ಸಾರ. ಸ್ಥಾವರಗಳಷ್ಟೇ ಅಲ್ಲದೆ, ವಿಕಿರಣ ವಸ್ತುವನ್ನು ಬಳಸುವ ಆಸ್ಪತ್ರೆ, ಪ್ರಯೋಗಾಲಯಗಳೂ ಇದರ ವ್ಯಾಪ್ತಿಗೆ ಸೇರಿದವು. ದಾಖಲೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2010ರ ದೆಹಲಿಯ ಮಾಯಾಪುರಿ ಪ್ರಕರಣ ತೋರಿಸಿತು. ಗುಜರಿಗೆ ಮಾರಿದ ಹಳೆಯ ಉಪಕರಣವೊಂದರ ಕೋಬಾಲ್ಟ್-60ರಿಂದ ಕಾರ್ಮಿಕರು ಅಸ್ವಸ್ಥರಾಗಿ, ಒಬ್ಬರು ಮೃತಪಟ್ಟರು.

ಕಾನೂನಿನ ಆಯುಷ್ಯಕ್ಕೂ ತ್ಯಾಜ್ಯದ ಆಯುಷ್ಯಕ್ಕೂ ಇರುವ ಅಂತರ ಗಮನಾರ್ಹವಾದುದು. ಸೀಸಿಯಂ-137ರ ವಿಕಿರಣವು ಅರ್ಧಕ್ಕಿಳಿಯಲು 30 ವರ್ಷ ಬೇಕು. ಸಾವಿರದಲ್ಲೊಂದು ಪಾಲಿಗೆ ಇಳಿಯಲು ಸುಮಾರು 300 ವರ್ಷ. ಕೈಗಾದಂಥ ಸ್ಥಾವರಗಳ ಆವರಣದಲ್ಲಿ ಕೆಳಮಟ್ಟದ ತ್ಯಾಜ್ಯವನ್ನು ಹುಗಿಯುವ ನೆಲೆಗಳಿಗೆ ಅಷ್ಟು ಕಾಲದ ಕಾವಲನ್ನು ಲೆಕ್ಕ ಹಾಕಲಾಗಿದೆ. ಪ್ಲುಟೋನಿಯಂ-239ಕ್ಕೆ ಅರ್ಧಕ್ಕಿಳಿಯಲು ಸುಮಾರು 24,100 ವರ್ಷ ಬೇಕು. ಇತ್ತ 1962ರ ಕಾಯಿದೆ 63 ವರ್ಷ ಬಾಳಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಸ್ಥಾನಕ್ಕೆ ಹೊಸ ಕಾನೂನನ್ನು ಅಂಗೀಕರಿಸಿತು.

ಕಾಲದ ಈ ಅಂತರದೊಡನೆ ನಂಬಿಕೆಯ ಅಂತರವೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಕೋಲಾರ ಚಿನ್ನದ ಗಣಿ ಸಾಕ್ಷಿ. 1980ರ ದಶಕದಲ್ಲಿ ಅಲ್ಲಿ ಸುಮಾರು 1,000 ಮೀಟರ್ ಆಳದಲ್ಲಿ ಶಿಲೆಯು ಶಾಖವನ್ನು ಹೇಗೆ ತಾಳುತ್ತದೆ ಎಂಬ ಪ್ರಯೋಗ ನಡೆಯಿತು. ಅದರಲ್ಲಿ ಬಳಸಿದ್ದು ವಿದ್ಯುತ್ ಶಾಖೋಪಕರಣಗಳನ್ನು, ತ್ಯಾಜ್ಯವನ್ನಲ್ಲ. 2001ರಲ್ಲಿ ಗಣಿ ಮುಚ್ಚಿತು. 2012ರ ನವೆಂಬರಿನಲ್ಲಿ ಕೂಡಂಕುಳಂ ಪ್ರಕರಣದ ವಿಚಾರಣೆಯ ವೇಳೆ, ಅಣುತ್ಯಾಜ್ಯವನ್ನು ಈ ಗಣಿಯಲ್ಲಿಡುವ ಮಾತು ಸರ್ವೋಚ್ಚ ನ್ಯಾಯಾಲಯದಲ್ಲಿ ಕೇಳಿಬಂದಿತು. ಕೋಲಾರ ಸೀಮೆಯ ಜನ ಬೀದಿಗಿಳಿದರು. ಅಂಥ ಯೋಜನೆಯಿಲ್ಲವೆಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ತಮ್ಮ ನೆಲದ ಸುದ್ದಿ ದೂರದ ನ್ಯಾಯಾಲಯದಿಂದ ತಮಗೆ ತಿಳಿಯಬೇಕಾದುದೇ ಜನರ ಆತಂಕವನ್ನು ಹೆಚ್ಚಿಸಿತು ಎನ್ನಬಹುದು.

ಜಾನಪದ ಅಧ್ಯಯನಕ್ಕೆ ಇಲ್ಲಿ ಹೇಳಬೇಕಾದ ಮಾತೊಂದಿದೆ. ಚಿಹ್ನಾವಿಜ್ಞಾನಿ ಥಾಮಸ್ ಸೆಬಿಯೋಕ್ 1984ರಲ್ಲಿ ಅಮೆರಿಕದಲ್ಲಿ ಸಲ್ಲಿಸಿದ ವರದಿಯಲ್ಲಿ, ತ್ಯಾಜ್ಯದ ಎಚ್ಚರಿಕೆಯನ್ನು ಹತ್ತು ಸಾವಿರ ವರ್ಷ ದಾಟಿಸಲು ಐತಿಹ್ಯ ಮತ್ತು ಆಚರಣೆಗಳ ನೆರವು ಪಡೆಯಬೇಕೆಂದು ಸೂಚಿಸಿದನು. ಆದರೆ ಆತ ಸತ್ಯವನ್ನು ಬಲ್ಲ ಕೆಲವರು ಮತ್ತು ಭಯದಿಂದ ದೂರವಿರುವ ಹಲವರು ಎಂಬ ವಿಂಗಡಣೆಯನ್ನು ಒಪ್ಪಿಕೊಂಡಿದ್ದನು. ಶಾಸನಗಳ ಶಾಪಾಶಯದ ಅನುಭವ ಇದಕ್ಕೆ ಹೊಂದುವುದಿಲ್ಲ. ಶಾಪವಿದ್ದರೂ ದತ್ತಿಗಳು ಅಳಿದಿವೆ. ಊರಗಸಿಯ ಕರಿಗಲ್ಲಿನಲ್ಲಿ ಒಂದಕ್ಷರವೂ ಇಲ್ಲ. ಆದರೂ ಅದನ್ನು ಕೀಳುವವರಿಲ್ಲ. ಅದರ ಅರ್ಥ ಊರಿನ ಎಲ್ಲರಿಗೂ ಸೇರಿದ್ದು, ಪೂಜೆಯ ಮೂಲಕ ಮತ್ತೆ ಮತ್ತೆ ಹೊಸದಾಗುವಂಥದು.

ಆದ್ದರಿಂದ ಬೇಲಿ, ಚಿಹ್ನೆ ಮತ್ತು ದಾಖಲೆಗಳ ಜೊತೆಗೆ, ಆ ನೆಲದ ಜನರಿಗೆ ಅವರ ನುಡಿಯಲ್ಲಿಯೇ, ಮುಂಚಿತವಾಗಿ, ತಲೆಮಾರಿನಿಂದ ತಲೆಮಾರಿಗೆ ತಿಳಿಸುವುದೂ ಕಾನೂನಿನ ಒಂದು ಕಡ್ಡಾಯ ವಿಧಿಯಾಗಬೇಕು. ಮುನ್ನೂರು ವರ್ಷಗಳ ಕಾವಲನ್ನು ಕಚೇರಿಯ ಕಡತವೊಂದೇ ಹೊರಲಾರದು.