ತೀರ್ಪು ಬರೋವರೆಗೆ ಊಟಕ್ಕೇನು? ನಿಂತುಹೋದ ಅನಾರೋಗ್ಯ ಭತ್ಯೆಯ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಈ ತಿಂಗಳ ಸಂಬಳ ಹತ್ತು ದಿನ ತಡ ಆಯ್ತು ಅಂತ ಇಟ್ಕೊಳ್ಳಿ. ಪಿಜಿ ಬಾಡಿಗೆ, ಫೋನಿನ ಇಎಂಐ, ಮನೆಗೆ ಕಳಿಸೋ ದುಡ್ಡು. ಯಾರೋ ಫ್ರೆಂಡ್ ಹತ್ರ ಕೈಸಾಲ ಮಾಡಿ ಹೇಗೋ ದಾಟಿಬಿಡ್ತೀರಿ. ಅದೇ ಹನ್ನೆರಡು ತಿಂಗಳು ದುಡ್ಡು ಬರಲಿಲ್ಲ ಅಂದ್ರೆ? ಅದರ ಮೇಲೆ ಹುಷಾರಿಲ್ಲ, ಬೇರೆ ಕೆಲಸಕ್ಕೆ ಹೋಗೋಕೂ ಆಗಲ್ಲ ಅಂದ್ರೆ?

ಇವತ್ತಿನ ಸಂಚಿಕೆ ಈ ಪ್ರಶ್ನೆಯ ಇತಿಹಾಸ. ಕಾಯಿಲೆ ಬಿದ್ದವರಿಗೆ ಸರ್ಕಾರದಿಂದ ಬರುತ್ತಿದ್ದ ಹಣ ಒಂದು ದಿನ ನಿಂತುಹೋಗುತ್ತದೆ. ನೀವೀಗ ಕೆಲಸ ಮಾಡಬಲ್ಲಿರಿ ಅಂತ ಕಚೇರಿಯಿಂದ ಪತ್ರ ಬರುತ್ತದೆ. ನೀವು ಮೇಲ್ಮನವಿ ಹಾಕುತ್ತೀರಿ. ಸರಿ, ಅರ್ಜಿ ಹಾಕಿದ ದಿನದಿಂದ ತೀರ್ಪು ಬರುವ ದಿನದವರೆಗೆ ಮನೆ ನಡೆಸೋದು ಹೇಗೆ? ಆ ಕಾಯುವ ಕಾಲದ ಖರ್ಚು ಯಾರ ತಲೆ ಮೇಲೆ? ಅಮೆರಿಕ ಮತ್ತು ಬ್ರಿಟನ್‌ನಲ್ಲಿ ಈ ಒಂದು ಪ್ರಶ್ನೆಗೆ ಐವತ್ತು ವರ್ಷ ಜಗಳ ನಡೆದಿದೆ. ಅದರ ಕಥೆ ಕೇಳೋಣ.

ಈ ಹಣ ಎಲ್ಲಿಂದ ಬಂತು?

ನಿಮ್ಮಲ್ಲಿ ಕೆಲವರ ಪೇ ಸ್ಲಿಪ್‌ನಲ್ಲಿ ಇಎಸ್‌ಐ ಅಂತ 0.75 ಪರ್ಸೆಂಟ್ ಕಟ್ ಆಗುತ್ತಲ್ಲ, ಅದರಲ್ಲಿ ಆಸ್ಪತ್ರೆ ಸೌಲಭ್ಯದ ಜೊತೆಗೆ ಅನಾರೋಗ್ಯ ಭತ್ಯೆಯೂ ಇದೆ. ಹುಷಾರಿಲ್ಲದೆ ರಜೆ ಹಾಕಿದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70 ಪರ್ಸೆಂಟ್ ಸಿಗುತ್ತದೆ. ಈ ಯೋಚನೆಯ ಬೇರು ಜರ್ಮನಿಯಲ್ಲಿದೆ. 1883ರಲ್ಲಿ ಬಿಸ್ಮಾರ್ಕ್ ಕಾಲದಲ್ಲಿ ಕಾರ್ಮಿಕರಿಗೆ ಕಾಯಿಲೆ ವಿಮೆ ಕಡ್ಡಾಯವಾಯಿತು.

ಬ್ರಿಟನ್‌ನಲ್ಲಿ 1911ರಲ್ಲಿ ಲಾಯ್ಡ್ ಜಾರ್ಜ್ ರಾಷ್ಟ್ರೀಯ ವಿಮಾ ಕಾಯ್ದೆ ತಂದರು. ಕಾಯಿಲೆ ಬಿದ್ದ ಗಂಡಸರಿಗೆ ವಾರಕ್ಕೆ 10 ಶಿಲ್ಲಿಂಗ್, ಹೆಂಗಸರಿಗೆ ಏಳೂವರೆ ಶಿಲ್ಲಿಂಗ್, 26 ವಾರದವರೆಗೆ. ಹಣ ಹಂಚುತ್ತಿದ್ದದ್ದು ಸರ್ಕಾರದ ಮಾನ್ಯತೆ ಪಡೆದ ಸಂಘಗಳು. ಅವು ನಿಜಕ್ಕೂ ಕಾಯಿಲೆಯಾ, ನಾಟಕವಾ ಅಂತ ನೋಡಿಕೊಂಡು ಬರೋಕೆ ಮನೆಗೆ ಜನ ಕಳಿಸುತ್ತಿದ್ದವು. ಅಂದ್ರೆ ನೋಡಿ, ಹಣ ಕೊಡೋದು ಮತ್ತು ಅನುಮಾನ ಪಡೋದು ಎರಡೂ ಮೊದಲಿನಿಂದ ಜೊತೆಜೊತೆಗೇ ಬಂದಿವೆ.

ಅಮೆರಿಕ ಈ ವಿಷಯದಲ್ಲಿ ತಡ. ಅಲ್ಲಿ ದುಡಿಯಲಾಗದವರಿಗೆ ಸೋಶಿಯಲ್ ಸೆಕ್ಯುರಿಟಿಯಿಂದ ಭತ್ಯೆ ಕೊಡುವ ಕಾನೂನು ಬಂದದ್ದು 1956ರಲ್ಲಿ. ಅದೂ ಮೊದಲಿಗೆ 50 ವರ್ಷ ದಾಟಿದವರಿಗೆ ಮಾತ್ರ. 1960ರಲ್ಲಿ ಆ ವಯಸ್ಸಿನ ಮಿತಿ ತೆಗೆದರು.

ಮೊದಲು ವಿಚಾರಣೆ, ಆಮೇಲೆ ಕತ್ತರಿ

1970ರ ಮಾರ್ಚ್ 23. ಅಮೆರಿಕದ ಸುಪ್ರೀಂ ಕೋರ್ಟ್ 'ಗೋಲ್ಡ್‌ಬರ್ಗ್ ವಿರುದ್ಧ ಕೆಲ್ಲಿ' ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಇದು ನ್ಯೂಯಾರ್ಕ್‌ನ ಬಡವರಿಗೆ ಸಿಗುತ್ತಿದ್ದ ಸರ್ಕಾರಿ ನೆರವಿನ ಕೇಸು. ನ್ಯಾಯಮೂರ್ತಿ ಬ್ರೆನನ್ ಬರೆದ ತೀರ್ಪಿನ ಸಾರ ಇಷ್ಟು: ನೆರವು ನಿಲ್ಲಿಸುವ ಮೊದಲು ಆ ವ್ಯಕ್ತಿಯ ಮಾತು ಕೇಳಲೇಬೇಕು. ಯಾಕಂದ್ರೆ ಅರ್ಹರಾದವರ ಹಣ ತಪ್ಪಾಗಿ ನಿಂತರೆ, ಅವರು ದಿನದ ತುತ್ತು ಹುಡುಕೋದರಲ್ಲೇ ಸುಸ್ತಾಗುತ್ತಾರೆ. ಕಚೇರಿ ವಿರುದ್ಧ ಹೋರಾಡೋಕೆ ಶಕ್ತಿ ಎಲ್ಲಿಂದ ಬರಬೇಕು?

ಹಾಗಾದ್ರೆ ಕಾಯಿಲೆ ಭತ್ಯೆಗೂ ಇದೇ ನಿಯಮ ತಾನೇ ಅಂತ ಜನ ಅಂದುಕೊಂಡರು. ಆಗಲಿಲ್ಲ.

ಒಂದೇ ಹಾಸಿಗೆಯಲ್ಲಿ ಇಡೀ ಸಂಸಾರ

ವರ್ಜೀನಿಯಾದ ಜಾರ್ಜ್ ಎಲ್ಡ್ರಿಡ್ಜ್ ಅನ್ನುವವರಿಗೆ 1968ರ ಜೂನ್‌ನಲ್ಲಿ ಅಂಗವೈಕಲ್ಯ ಭತ್ಯೆ ಮಂಜೂರಾಗಿತ್ತು. ಬೆನ್ನುನೋವು, ಬಿಡದ ಆತಂಕದ ಕಾಯಿಲೆ, ಆಮೇಲೆ ಸಕ್ಕರೆ ಕಾಯಿಲೆ. 1972ರ ಮಾರ್ಚ್‌ನಲ್ಲಿ ಒಂದು ಪ್ರಶ್ನಾವಳಿ ಬಂತು. ನನಗೆ ವಾಸಿಯಾಗಿಲ್ಲ ಅಂತ ಅವರು ತುಂಬಿ ಕಳಿಸಿದರು. ಕಚೇರಿಯವರು ವೈದ್ಯರ ವರದಿಗಳನ್ನು ನೋಡಿ, ನಿಮ್ಮ ವೈಕಲ್ಯ ಮೇ ತಿಂಗಳಿಗೇ ಮುಗಿದಿದೆ ಅಂದರು. ಎಲ್ಡ್ರಿಡ್ಜ್ ಪತ್ರ ಬರೆದು ಒಪ್ಪಲಿಲ್ಲ. ಜುಲೈಗೆ ಹಣ ನಿಂತೇಹೋಯಿತು. ಯಾರೂ ಅವರನ್ನು ಎದುರಿಗೆ ಕೂರಿಸಿಕೊಂಡು ಮಾತು ಕೇಳಿರಲಿಲ್ಲ.

ಅವರು ಕಚೇರಿಯಲ್ಲಿ ಮರುಪರಿಶೀಲನೆ ಕೇಳುವ ಬದಲು ನೇರವಾಗಿ ಕೋರ್ಟಿಗೆ ಹೋದರು. ನನ್ನ ಮಾತು ಕೇಳದೆ ಹಣ ನಿಲ್ಲಿಸೋದೇ ತಪ್ಪು ಅನ್ನೋದು ಅವರ ವಾದ. ಕೆಳಗಿನ ಎರಡೂ ಕೋರ್ಟ್‌ಗಳಲ್ಲಿ ಗೆದ್ದರು. ಸುಪ್ರೀಂ ಕೋರ್ಟ್‌ನಲ್ಲಿ, 1976ರ ಫೆಬ್ರುವರಿ 24ರಂದು, ಸೋತರು.

ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಪೊವೆಲ್ ಮೂರು ವಿಷಯ ತೂಗಿ ನೋಡಿದರು. ವ್ಯಕ್ತಿಗೆ ಆಗುವ ನಷ್ಟ ಎಷ್ಟು? ಕಚೇರಿ ತಪ್ಪು ಮಾಡುವ ಸಾಧ್ಯತೆ ಎಷ್ಟು? ಮೊದಲೇ ವಿಚಾರಣೆ ಮಾಡಿದರೆ ಸರ್ಕಾರಕ್ಕೆ ಬೀಳುವ ಖರ್ಚು ಎಷ್ಟು? ಈ ಭತ್ಯೆ ಬಡತನ ನೋಡಿ ಕೊಡುವಂಥದ್ದಲ್ಲ, ಹಾಗಾಗಿ ಇವರಿಗೆ ಬೇರೆ ಆದಾಯ ಇರಬಹುದು, ಏನೂ ಇಲ್ಲದಿದ್ದರೆ ಬಡವರ ನೆರವಿಗೆ ಅರ್ಜಿ ಹಾಕಬಹುದು ಎಂದರು. ಹಣ ನಿಂತ ದಿನದಿಂದ ವಿಚಾರಣೆಯ ಅಂತಿಮ ತೀರ್ಮಾನ ಬರೋಕೆ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯುತ್ತದೆ ಅನ್ನೋದು ಅದೇ ತೀರ್ಪಿನಲ್ಲಿ ದಾಖಲಾಗಿದೆ. ಬಿಡದೆ ವಿಚಾರಣೆವರೆಗೆ ಹೋದ ಪ್ರಕರಣಗಳಲ್ಲಿ ಶೇ 58.6ರಷ್ಟು ಕಚೇರಿಯ ವಿರುದ್ಧ ತಿರುಗಿದ್ದವು ಅನ್ನೋ ಅಂಕಿಯೂ ಅಲ್ಲೇ ಇದೆ. ಆದರೆ ಒಟ್ಟು ತೀರ್ಮಾನಗಳ ಲೆಕ್ಕ ಹಿಡಿದರೆ ಇದು ಬರೀ ಶೇ 3.3 ಅನ್ನೋದು ಸರ್ಕಾರದ ಕಡೆಯ ವಾದ.

ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಯಾರಿದ್ದಾರೆ ಯೋಚನೆ ಮಾಡಿ. ತೀರ್ಮಾನ ಸರಿಯಾಗಿದೆ ಅಂತ ಒಪ್ಪಿಕೊಂಡವರು ಇರಬಹುದು. ಕಾಯೋಕೆ ದುಡ್ಡಿಲ್ಲದೆ ಕೈಬಿಟ್ಟವರೂ ಇರಬಹುದು. ಲೆಕ್ಕದ ಪುಸ್ತಕದಲ್ಲಿ ಇಬ್ಬರೂ ಒಂದೇ.

ತೀರ್ಪಿಗೆ ಭಿನ್ನಮತ ಬರೆದವರು ಅದೇ ಬ್ರೆನನ್. ಇವರಿಗೆ ಆಗುವ ತೊಂದರೆ ದೊಡ್ಡದಲ್ಲ ಅಂತ ಹೇಳೋದು ಬರೀ ಊಹೆ ಅಂತ ಅವರು ಎಲ್ಡ್ರಿಡ್ಜ್ ಮನೆಯ ಸ್ಥಿತಿಯನ್ನೇ ಮುಂದಿಟ್ಟರು. ಭತ್ಯೆ ನಿಂತದ್ದರಿಂದ ಸಾಲಕ್ಕೆ ಅಡವಿದ್ದ ಮನೆ ಕೈಬಿಟ್ಟುಹೋಗಿತ್ತು. ಮನೆಯ ಪೀಠೋಪಕರಣಗಳನ್ನು ಸಾಲ ಕೊಟ್ಟವರು ವಾಪಸ್ ಎತ್ತಿಕೊಂಡು ಹೋಗಿದ್ದರು. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಒಂದೇ ಹಾಸಿಗೆಯಲ್ಲಿ ಮಲಗುವ ಹಾಗಾಗಿತ್ತು. ಕಾನೂನು ಓದುವ ಅಮೆರಿಕದ ವಿದ್ಯಾರ್ಥಿಗಳು ಇವತ್ತಿಗೂ ಎಲ್ಡ್ರಿಡ್ಜ್ ಹೆಸರಿನ ಮೂರಂಶದ ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ. ಆ ಹಾಸಿಗೆ ಪಠ್ಯದ ಕೊನೆಯ ಪುಟಕ್ಕೆ ಸರಿದಿದೆ.

ಐದು ಲಕ್ಷ ಪತ್ರಗಳು

ಈ ತೀರ್ಪಿನ ನಿಜವಾದ ಬೆಲೆ ಗೊತ್ತಾದದ್ದು 1981ರಿಂದ. ಭತ್ಯೆ ಪಡೆಯುವವರನ್ನು ಆಗಾಗ ಮರುಪರಿಶೀಲಿಸಬೇಕು ಅಂತ 1980ರಲ್ಲಿ ಕಾನೂನು ಬಂದಿತ್ತು. ರೇಗನ್ ಸರ್ಕಾರ ಅದನ್ನು ಗಡುವಿಗೆ ಮೊದಲೇ, ಭಾರೀ ವೇಗದಲ್ಲಿ ಶುರು ಮಾಡಿತು. 1984ರ ಹೊತ್ತಿಗೆ ಸುಮಾರು ಐದು ಲಕ್ಷ ಜನರಿಗೆ ನಿಮ್ಮ ಭತ್ಯೆ ಮುಗಿಯಿತು ಅಂತ ಪತ್ರ ಹೋಗಿತ್ತು. ಅವರಲ್ಲಿ ಸುಮಾರು ಎರಡು ಲಕ್ಷ ಜನರಿಗೆ ಮೇಲ್ಮನವಿಯಲ್ಲಿ ಹಣ ಮತ್ತೆ ಸಿಕ್ಕಿತು. ಅಂದ್ರೆ ತಪ್ಪು ಕಚೇರಿಯದ್ದು, ಉಪವಾಸ ಇವರದ್ದು.

ಪತ್ರ ಬಂದವರಲ್ಲಿ ರಾಯ್ ಬೆನವಿಡೆಜ್ ಕೂಡ ಒಬ್ಬರು. ವಿಯೆಟ್ನಾಂ ಯುದ್ಧದಲ್ಲಿ ತಾವು ಗುಂಡೇಟು ತಿಂದು ಕನಿಷ್ಠ ಎಂಟು ಜನರ ಜೀವ ಉಳಿಸಿದ ಸೈನಿಕ. 1981ರ ಫೆಬ್ರುವರಿಯಲ್ಲಿ ರೇಗನ್ ತಾವೇ ಅವರಿಗೆ ದೇಶದ ಅತ್ಯುನ್ನತ ಸೇನಾ ಪದಕ, ಮೆಡಲ್ ಆಫ್ ಆನರ್, ಕೊಟ್ಟಿದ್ದರು. ಎರಡು ವರ್ಷದಲ್ಲಿ ಅದೇ ಸರ್ಕಾರದ ಕಚೇರಿ, ನೀವು ದುಡಿಯಬಲ್ಲಿರಿ ಅಂತ ಅವರ ಭತ್ಯೆಗೆ ಕೈಹಾಕಿತು. ಅವರು ಸಂಸತ್ತಿನ ಸಮಿತಿ ಮುಂದೆ ಬಂದು ಸಾಕ್ಷಿ ಹೇಳಿದರು. ಪದಕ ಇದ್ದವರಿಗೇ ಈ ಗತಿ ಅಂದ ಮೇಲೆ ಹೆಸರಿಲ್ಲದವರ ಪಾಡೇನು ಅಂತ ದೇಶ ಕೇಳತೊಡಗಿತು.

ಈ ಮರುಪರಿಶೀಲನೆಯ ಕೆಲಸ ನಡೆಯುತ್ತಿದ್ದದ್ದು ರಾಜ್ಯಗಳ ಕಚೇರಿಗಳಲ್ಲಿ. ಮ್ಯಾಸಚೂಸೆಟ್ಸ್, ನ್ಯೂಯಾರ್ಕ್ ಸೇರಿ ಹಲವು ರಾಜ್ಯಗಳು ನಾವು ಈ ರೀತಿ ಹಣ ನಿಲ್ಲಿಸಲ್ಲ ಅಂತ ತಿರುಗಿ ನಿಂತವು. 1983ರ ಜನವರಿಯಲ್ಲಿ, ಮೇಲ್ಮನವಿ ನಡೆಯುವಾಗಲೂ ಹಣ ಪಡೆಯುವ ತಾತ್ಕಾಲಿಕ ಅವಕಾಶ ಬಂತು. 1984ರಲ್ಲಿ ಸುಧಾರಣಾ ಕಾಯ್ದೆಯನ್ನು ಸಂಸತ್ತಿನ ಎರಡೂ ಸದನಗಳು ಒಂದೂ ವಿರೋಧ ಮತ ಇಲ್ಲದೆ ಪಾಸು ಮಾಡಿದವು. ಆ ಅಕ್ಟೋಬರ್‌ನಲ್ಲಿ ರೇಗನ್ ಸಹಿ ಹಾಕಿದರು. ಕಾಯಿಲೆ ನಿಜವಾಗಿ ಸುಧಾರಿಸಿದೆ ಅಂತ ತೋರಿಸದೆ ಭತ್ಯೆ ನಿಲ್ಲಿಸೋ ಹಾಗಿಲ್ಲ ಅನ್ನೋ ನಿಯಮವೂ ಅದರಲ್ಲಿ ಬಂತು.

ಕೋರ್ಟ್ ಕೊಡದೇ ಇದ್ದದ್ದನ್ನು ಜನರ ಗಲಾಟೆ ಕೊಡಿಸಿತು. ಆದರೆ ಎರಡು ಷರತ್ತು ಇವೆ. ಅಲ್ಲಿ ಮೇಲ್ಮನವಿಗೆ 60 ದಿನ ಟೈಮ್ ಇದ್ದರೂ, ಹಣ ಮುಂದುವರಿಸಿ ಅಂತ ಕೇಳೋಕೆ ಇರೋದು ಪತ್ರ ಸಿಕ್ಕ 10 ದಿನ ಮಾತ್ರ. ಇಪ್ಪತ್ತನೇ ದಿನ ಅರ್ಜಿ ಹಾಕಿದವರ ಮೇಲ್ಮನವಿ ಊರ್ಜಿತ, ಆದರೆ ಕೈಗೆ ಹಣವಿಲ್ಲ. ಎರಡನೆಯದು, ಕೊನೆಗೆ ಸೋತರೆ ಅಷ್ಟು ದಿನ ಪಡೆದ ಹಣ ಸಾಲವಾಗಿ ನಿಲ್ಲುತ್ತದೆ. ಮನ್ನಾ ಮಾಡಿ ಅಂತ ಕೇಳಬಹುದು, ಗ್ಯಾರಂಟಿ ಇಲ್ಲ. ಹಾಗಾಗಿ ಅರ್ಹರಾದವರೂ ಹೆದರಿ ಕೇಳದೇ ಇರಬಹುದು.

ಬ್ರಿಟನ್‌ನಲ್ಲಿ ಅದೇ ಕಥೆ, ಹೊಸ ಹೆಸರು

ಈಗ ಅಟ್ಲಾಂಟಿಕ್ ದಾಟಿ, ನಮ್ಮ ಕಾಲಕ್ಕೆ ಬನ್ನಿ. 2008ರಲ್ಲಿ ಬ್ರಿಟನ್ ಹಳೆಯ ಕಾಯಿಲೆ ಭತ್ಯೆಗಳ ಜಾಗಕ್ಕೆ ಇಎಸ್‌ಎ ಅನ್ನೋ ಹೊಸ ಭತ್ಯೆ ತಂತು. ಅರ್ಜಿದಾರರಿಗೆ ಕೆಲಸ ಮಾಡುವ ಸಾಮರ್ಥ್ಯದ ಪರೀಕ್ಷೆ, ಅಂಕಗಳು. ಅಂಕ ಕಮ್ಮಿ ಬಂದರೆ ಹಣ ಇಲ್ಲ. ಆದರೂ ಒಂದು ಸಮಾಧಾನ ಇತ್ತು: ಮೇಲ್ಮನವಿ ಹಾಕಿದರೆ, ತೀರ್ಪು ಬರೋವರೆಗೆ ಮೂಲ ದರದಲ್ಲಿ ಹಣ ಬರುತ್ತಿತ್ತು.

2013ರ ಅಕ್ಟೋಬರ್ 28ರಿಂದ ನಿಯಮ ಬದಲಾಯಿತು. ಮೇಲ್ಮನವಿಗೆ ಮೊದಲು ಅದೇ ಇಲಾಖೆಯಲ್ಲಿ 'ಕಡ್ಡಾಯ ಮರುಪರಿಶೀಲನೆ' ಕೇಳಬೇಕು. ಅದು ಮುಗಿಯೋವರೆಗೆ ಇಎಸ್‌ಎ ಹಣ ಇಲ್ಲ. ಅದನ್ನು ಇಷ್ಟು ದಿನದಲ್ಲಿ ಮುಗಿಸಬೇಕು ಅಂತ ಇಲಾಖೆಗೆ ಕಾನೂನಿನ ಗಡುವೂ ಇಲ್ಲ. ಬದುಕೋಕೆ ಏನು ಮಾಡಬೇಕು? ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿ ಅಂದರು. ಆಗ 25 ದಾಟಿದವರಿಗೆ ಅದು ವಾರಕ್ಕೆ 71.70 ಪೌಂಡ್. ಆದರೆ ಅದು ಬೇಕಂದ್ರೆ, ನಾನು ಕೆಲಸಕ್ಕೆ ತಯಾರಿದ್ದೇನೆ, ಕೆಲಸ ಹುಡುಕುತ್ತಿದ್ದೇನೆ ಅಂತ ಬರೆದುಕೊಡಬೇಕು! ಒಂದು ಕೌಂಟರ್‌ನಲ್ಲಿ ದುಡಿಯೋಕೆ ಆಗಲ್ಲ ಅನ್ನಬೇಕು, ಪಕ್ಕದ ಕೌಂಟರ್‌ನಲ್ಲಿ ದುಡೀತೀನಿ ಅನ್ನಬೇಕು. ಅದೇ ವರ್ಷದ ಏಪ್ರಿಲ್‌ನಲ್ಲಿ, ತುರ್ತಿಗೆ ಸರ್ಕಾರ ಕೊಡುತ್ತಿದ್ದ 'ಕ್ರೈಸಿಸ್ ಲೋನ್' ಕೂಡ ನಿಂತಿತ್ತು. ಉಳಿದದ್ದು ನೆಂಟರು, ಬಾಡಿಗೆ ಬಾಕಿ, ದುಬಾರಿ ಬಡ್ಡಿಯ ಸಾಲ ಮತ್ತು ಫುಡ್ ಬ್ಯಾಂಕ್‌ನ ಸಾಲು.

ಕೆನ್ ಲೋಚ್ ಅವರ 'ಐ, ಡೇನಿಯಲ್ ಬ್ಲೇಕ್' ಸಿನಿಮಾ ನೋಡಿದ್ದೀರಾ? 2016ರಲ್ಲಿ ಕಾನ್ ಚಿತ್ರೋತ್ಸವದ ಮುಖ್ಯ ಪ್ರಶಸ್ತಿ ಗೆದ್ದ ಚಿತ್ರ. ಹೃದಯಾಘಾತವಾದ ನ್ಯೂಕ್ಯಾಸಲ್‌ನ ಬಡಗಿಯೊಬ್ಬ ಈ ಮರುಪರಿಶೀಲನೆಯ ಸುಳಿಯಲ್ಲಿ ಸಿಕ್ಕಿ ಮನೆ ಸಾಮಾನು ಮಾರಿಕೊಳ್ಳುವ ಕಥೆ. ಪಾತ್ರ ಕಲ್ಪನೆ, ನಿಯಮ ನಿಜ.

2020ರ ಜುಲೈನಲ್ಲಿ ಲಂಡನ್ನಿನ ಹೈಕೋರ್ಟ್ ಈ ನಿಯಮಕ್ಕೆ ತಡೆ ಹಾಕಿತು. ಮೇಲ್ಮನವಿ ಹಾಕಿದರೆ ಹಣ ಪಡೆಯಲು ಅರ್ಹರಾದವರನ್ನು, ಹಣ ಕೊಡದೆ ಮರುಪರಿಶೀಲನೆಯಲ್ಲಿ ಕಾಯಿಸೋದು ನ್ಯಾಯ ಪಡೆಯುವ ಹಕ್ಕಿಗೆ ಅತಿಯಾದ ಅಡ್ಡಿ, ಹಾಗಾಗಿ ಕಾನೂನುಬಾಹಿರ ಅಂತ ಹೇಳಿತು. ನಿಯಮ ಬಂದು ಅಷ್ಟೊತ್ತಿಗೆ ಸುಮಾರು ಏಳು ವರ್ಷ ಆಗಿತ್ತು.

ಕೊನೆಗೆ ಗೆದ್ದರೂ

ಗೆದ್ದರೆ ಹಳೆ ಬಾಕಿಯೆಲ್ಲ ಒಟ್ಟಿಗೆ ಬರುತ್ತಲ್ಲ, ಮತ್ತೇನು ಅಂತ ಕೆಲವರು ಕೇಳಬಹುದು. ಬರುತ್ತದೆ ನಿಜ. ಆದರೆ ಅಷ್ಟರಲ್ಲಿ ಆ ದುಡ್ಡಿಗೆ ಸಾಲ ಕೊಟ್ಟವರು, ಬಾಡಿಗೆ ಮನೆಯವರು ಎಲ್ಲರೂ ಕಾದು ಕೂತಿರುತ್ತಾರೆ. ಅಮೆರಿಕದಲ್ಲಿ ವಕೀಲರ ಫೀಸು ಆ ಬಾಕಿ ಹಣದ ಶೇ 25ರವರೆಗೆ ಹೋಗಬಹುದು. ಹೋದ ಮನೆಯನ್ನಂತೂ ಯಾವ ಬಾಕಿ ಹಣವೂ ವಾಪಸ್ ತರುವುದಿಲ್ಲ.

ಕಚೇರಿಗಳು ತಪ್ಪು ಮಾಡುತ್ತವೆ, ಅದಕ್ಕೇ ಮೇಲ್ಮನವಿ ಇರೋದು. ತಪ್ಪು ತಿದ್ದೋಕೆ ಹಿಡಿಯುವ ಕಾಲದ ಖರ್ಚನ್ನು ಕಾಯಿಲೆ ಬಿದ್ದವರೇ ಹೊರಬೇಕಾದರೆ, ತಡ ಮಾಡಿದಷ್ಟೂ ಕಚೇರಿಗೇ ಲಾಭ, ಯಾಕಂದ್ರೆ ಅರ್ಧ ಜನ ದಾರಿಯಲ್ಲೇ ಸುಸ್ತಾಗಿ ಕೂತುಬಿಡಬಹುದು. ಆ ಖರ್ಚನ್ನು ಕಚೇರಿಯೇ ಹೊರಬೇಕಾದಾಗ ತೀರ್ಮಾನ ಬೇಗ ಕೊಡೋಕೆ ಅದಕ್ಕೂ ಒಂದು ಕಾರಣ ಸಿಗುತ್ತದೆ.

ಆದ್ದರಿಂದ ಯಾವುದೇ ಹೊಸ ಯೋಜನೆಯ ಸುದ್ದಿ ಓದುವಾಗ ಒಂದು ಸಾಲು ಹುಡುಕಿ ನೋಡಿ. ಮೇಲ್ಮನವಿಗೆ ಅವಕಾಶ ಇದೆ ಅಂತ ಬಹುತೇಕ ಎಲ್ಲದರಲ್ಲೂ ಬರೆದಿರುತ್ತದೆ. ತೀರ್ಪು ಬರೋವರೆಗೆ ಹಣ ಬರುತ್ತಾ, ನಿಲ್ಲುತ್ತಾ ಅನ್ನೋದನ್ನು ಎಲ್ಲಿ ಬರೆದಿದ್ದಾರೆ ನೋಡಿ. ಯಾರಿಗಾದರೂ ಇಂಥ ಪತ್ರ ಬಂದಿದ್ದರೆ, ಮೊದಲು ಅದರಲ್ಲಿರುವ ತಾರೀಖು ನೋಡಲು ಹೇಳಿ.