ಒರೆಗಲ್ಲಿನ ಮೇಲೆ ಮನುಷ್ಯ

ರತ್ನಗಳೆಂದೊಡನೆ ವಜ್ರ, ಮಾಣಿಕ್ಯ, ಪಚ್ಚೆಗಳಂಥ ಹೊಳೆಯುವ ಹರಳುಗಳೇ ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ಪ್ರಾಚೀನ ಗ್ರೀಕರ ಬದುಕಿನಲ್ಲಿ ಕಪ್ಪು ಹಾಗೂ ಗಾಢ ಬಣ್ಣದ ಕಲ್ಲುಗಳಿಗೂ ದೊಡ್ಡ ಸ್ಥಾನವಿತ್ತು. ಮೆಲೋಸ್ ದ್ವೀಪದ ಜ್ವಾಲಾಮುಖಿಯಿಂದ ಹುಟ್ಟಿದ ಗಾಜಿನಂಥ ಕರಿಗಲ್ಲು, ಬೇಸಾಯ ಬರುವ ಮೊದಲೇ ಸಮುದ್ರ ದಾಟಿ ಗ್ರೀಸಿನ ನೆಲಕ್ಕೆ ಬಂದಿತ್ತು. ಪದರ ಪದರವಾಗಿ ಬಣ್ಣ ಬದಲಿಸುವ ಒಂದು ಕಲ್ಲಿಗೆ ಅವರು ‘ಓನಿಕ್ಸ್’ ಎಂದು ಹೆಸರಿಟ್ಟರು. ಉಗುರು ಎಂದು ಅದರ ಅರ್ಥ. ಕಡುಕೆಂಪು ಕಲ್ಲನ್ನು ‘ಆಂಥ್ರಾಕ್ಸ್’, ಅಂದರೆ ಕೆಂಡ ಎಂದು ಕರೆದರು.

ಈ ಕಲ್ಲುಗಳ ಬಗ್ಗೆ ಇಂದು ಪ್ರಚಾರದಲ್ಲಿರುವ ಕಥೆಗಳೆಲ್ಲ ಗ್ರೀಕರವಲ್ಲ. ನೇರಳೆ ಬಣ್ಣದ ಅಮೆಥಿಸ್ಟ್ ಹರಳು ಅಮಲು ಏರದಂತೆ ತಡೆಯುತ್ತದೆ ಎಂಬ ನಂಬಿಕೆ ಹಳೆಯದು ನಿಜ. ಆ ಹೆಸರಿನ ಅರ್ಥವೇ ‘ಅಮಲೇರದ’ ಎಂದು. ಆದರೆ ಮದ್ಯದೇವತೆಯಿಂದ ತಪ್ಪಿಸಿಕೊಳ್ಳಲು ಓಡಿದ ಕನ್ಯೆಯೊಬ್ಬಳು ಆ ಹರಳಾದಳೆಂಬ ಕಥೆಯನ್ನು ಕಟ್ಟಿದವನು ಫ್ರೆಂಚ್ ಕವಿ ರೆಮಿ ಬೆಲ್ಲೊ, ಅದೂ 1576ರಲ್ಲಿ. ನಿಜವಾಗಿಯೂ ಹಳೆಯದಾದ, ಗ್ರೀಕರ ಮನಸ್ಸಿನ ಒಳಗನ್ನು ತೋರಿಸುವ ಕಥೆ ಬೇರೊಂದು ಕಲ್ಲಿನದು. ಆ ಕಲ್ಲನ್ನು ಯಾರೂ ಉಂಗುರದಲ್ಲಿ ಧರಿಸುತ್ತಿರಲಿಲ್ಲ. ಅದು ಒರೆಗಲ್ಲು.

ಅರಿಸ್ಟಾಟಲನ ಶಿಷ್ಯ ಥಿಯೋಫ್ರಾಸ್ಟಸ್ ಕ್ರಿ.ಪೂ. 4ನೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಲುಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ತೀರ ಸಣ್ಣದೊಂದು ‘ಆಂಥ್ರಾಕ್ಸ್’ ಹರಳಿಗೆ 40 ಚಿನ್ನದ ನಾಣ್ಯಗಳ ಬೆಲೆಯಿತ್ತೆಂದು ಅದರಲ್ಲಿ ಹೇಳಿದ್ದಾನೆ. ಅದೇ ಪುಸ್ತಕದಲ್ಲಿ ಟ್ಮೋಲಸ್ ನದಿಯಲ್ಲಿ ಸಿಗುವ ಒರೆಗಲ್ಲಿನ ವಿವರವೂ ಇದೆ. ಅದು ನುಣುಪಾಗಿ, ಚಪ್ಪಟೆಯಾಗಿರುತ್ತದೆ. ಬಿಸಿಲಿಗೆ ಒಡ್ಡಿಕೊಂಡ ಮೇಲ್ಭಾಗ ಒಣಗಿರುವುದರಿಂದ ಕೆಳಭಾಗಕ್ಕಿಂತ ಚೆನ್ನಾಗಿ ಪರೀಕ್ಷಿಸುತ್ತದೆ ಎಂದು ಅವನು ಬರೆಯುತ್ತಾನೆ.

ಟ್ಮೋಲಸ್ ಇಂದಿನ ತುರ್ಕಿಯ ಪಶ್ಚಿಮ ಭಾಗದಲ್ಲಿದ್ದ ಲಿಡಿಯಾ ರಾಜ್ಯಕ್ಕೆ ಸೇರಿದ ಪ್ರದೇಶ. ಮುಟ್ಟಿದ್ದೆಲ್ಲ ಚಿನ್ನವಾಗುವ ವರ ಪಡೆದ ಮಿದಾಸ್ ದೊರೆ ಆ ಶಾಪವನ್ನು ತೊಳೆದುಕೊಂಡನೆಂಬ ಪ್ಯಾಕ್ಟೋಲಸ್ ಹೊಳೆ ಹರಿಯುವುದೂ ಅಲ್ಲಿಯೇ. ಚಿನ್ನ, ಬೆಳ್ಳಿ ಬೆರೆತ ಲೋಹದಿಂದ ಕ್ರಿ.ಪೂ. 7ನೇ ಶತಮಾನದಲ್ಲಿ ಲಿಡಿಯನ್ನರು ನಾಣ್ಯ ಹೊಡೆಸಿದರು. ಬೆರಕೆ ಎಷ್ಟೆಂದು ತಿಳಿಯಲು ಲೋಹವನ್ನು ಕರಿಗಲ್ಲಿಗೆ ಉಜ್ಜಿ, ಉಳಿದ ಗೆರೆಯ ಬಣ್ಣ ನೋಡಬೇಕು. ಗ್ರೀಕರು ಈ ಕಲ್ಲನ್ನು ‘ಬಸನೋಸ್’ ಎಂದರು.

ಅದರ ಪುರಾಣ ಹೀಗಿದೆ. ಹರ್ಮೀಸ್ ದೇವತೆ ಅಪೊಲೊನ ದನಗಳನ್ನು ಕದ್ದು ಒಯ್ಯುವಾಗ ಬಟ್ಟಸ್ ಎಂಬ ಮುದುಕ ನೋಡಿಬಿಟ್ಟ. ಬಾಯಿ ಬಿಡದಿರಲೆಂದು ಹರ್ಮೀಸ್ ಅವನಿಗೊಂದು ಹಸು ಕೊಟ್ಟ. ಅಲ್ಲೇ ಬಿದ್ದಿದ್ದ ಕಲ್ಲನ್ನು ತೋರಿಸಿದ ಮುದುಕ, ಆ ಕಲ್ಲು ಮಾತಾಡಿದರೂ ತಾನು ಆಡುವುದಿಲ್ಲವೆಂದು ಮಾತು ಕೊಟ್ಟ. ಹರ್ಮೀಸ್ ವೇಷ ಮರೆಸಿಕೊಂಡು ಮತ್ತೆ ಬಂದು, ದನ ಕಳೆದುಕೊಂಡವನಂತೆ ನಟಿಸಿ, ಹಸುವಿನ ಜೊತೆಗೊಂದು ಹೋರಿಯನ್ನೂ ಕೊಡುತ್ತೇನೆಂದ. ಮುದುಕ ಗುಟ್ಟು ಹೇಳಿಬಿಟ್ಟ. ದೇವತೆ ಅವನನ್ನು ಕಲ್ಲು ಮಾಡಿದ. ಈ ಗ್ರೀಕ್ ಕಥೆಯನ್ನು ವಿವರವಾಗಿ ಹೇಳಿದ ರೋಮನ್ ಕವಿ ಓವಿಡ್, ಆ ಕಲ್ಲಿಗೆ ಇಂದಿಗೂ ‘ಸುಳಿವು ಕೊಡುವವನು’ ಎಂಬ ಹೆಸರಿದೆ ಎನ್ನುತ್ತಾನೆ. ಚಿನ್ನದ ಗುಟ್ಟು ಬಯಲು ಮಾಡುವ ಕಲ್ಲು ಹಿಂದೆ ಗುಟ್ಟು ಕಾಯಲಾರದ ಮನುಷ್ಯನಾಗಿತ್ತು!

ಕಲ್ಲು ಬೇಗನೆ ರೂಪಕವಾಯಿತು. ಕ್ರಿ.ಪೂ. 6ನೇ ಶತಮಾನದ ಕವಿ ಥಿಯೋಗ್ನಿಸ್ ತನ್ನನ್ನು ಒರೆಗಲ್ಲಿಗೆ ಉಜ್ಜಿ ನೋಡಿದ ಚಿನ್ನಕ್ಕೆ ಹೋಲಿಸಿಕೊಂಡ. ಪ್ಲೇಟೋನ ‘ಗೋರ್ಗಿಯಾಸ್’ ಸಂವಾದದಲ್ಲಿ ಸಾಕ್ರಟೀಸನು ಆತ್ಮವು ಚಿನ್ನವಾಗಿದ್ದರೆ ಅದನ್ನು ಪರೀಕ್ಷಿಸುವ ಕಲ್ಲು ಸಿಕ್ಕಿದ್ದಕ್ಕೆ ಸಂತೋಷಪಡುತ್ತಿದ್ದೆ ಎನ್ನುತ್ತಾನೆ. ಅವನ ಪಾಲಿಗೆ ಆ ಕಲ್ಲು ಎದುರು ಕುಳಿತು ವಾದಿಸುವ ಮನುಷ್ಯ. ಇಲ್ಲಿಯವರೆಗೆ ಎಲ್ಲವೂ ಸುಂದರವಾಗಿದೆ.

ಆದರೆ ಅದೇ ಅಥೆನ್ಸಿನ ನ್ಯಾಯಾಲಯದಲ್ಲಿ ‘ಬಸನೋಸ್’ ಎಂಬ ಪದಕ್ಕೆ ಇನ್ನೊಂದು ಅರ್ಥವಿತ್ತು: ಗುಲಾಮರಿಗೆ ಚಿತ್ರಹಿಂಸೆ ಕೊಟ್ಟು ಸಾಕ್ಷ್ಯ ಪಡೆಯುವುದು. ಸ್ವತಂತ್ರ ನಾಗರಿಕನ ಮಾತಿಗೆ ಆಣೆ ಸಾಕಾಗಿತ್ತು. ಗುಲಾಮನ ಮಾತು ಸಾಕ್ಷ್ಯವೆನಿಸಲು ಸಾಮಾನ್ಯವಾಗಿ ಅವನ ಮೈ ನೋಯಬೇಕಾಗಿತ್ತು. ನಿನ್ನ ಗುಲಾಮನನ್ನು ಒಪ್ಪಿಸು, ಹಿಂಸಿಸಿ ಕೇಳೋಣ ಎಂದು ಕಕ್ಷಿದಾರರು ಪರಸ್ಪರ ಸವಾಲು ಹಾಕುತ್ತಿದ್ದರು. ಉಳಿದಿರುವ ಭಾಷಣಗಳಲ್ಲಿ ಇಂಥ ಸವಾಲುಗಳು ಬಹುಪಾಲು ತಿರಸ್ಕೃತವಾಗಿವೆ. ಆದರೂ ಹಿಂಸೆಯಿಂದ ಹೊರಬಂದ ಮಾತು ಎಂದೂ ಸುಳ್ಳಾಗಿಲ್ಲವೆಂದು ಮಹಾ ವಾಗ್ಮಿ ಡೆಮಾಸ್ತನೀಸನೇ ನ್ಯಾಯಾಲಯದಲ್ಲಿ ವಾದಿಸಿದ್ದಾನೆ.

ಅದು ಸುಳ್ಳೆಂದು ಬಲ್ಲವರೂ ಅಲ್ಲಿದ್ದರು. ಹೆರೋಡಿಸ್ ಎಂಬವನ ಕೊಲೆಯ ಆರೋಪ ಹೊತ್ತ ಮಿಟಿಲೀನಿಯ ಯುವಕನಿಗಾಗಿ ಆಂಟಿಫೋನ್ ಬರೆದುಕೊಟ್ಟ ಭಾಷಣ ನಮಗೆ ಉಳಿದಿದೆ. ವಾದಿಗಳು ಒಬ್ಬ ಗುಲಾಮನನ್ನು ಕೊಂಡು ಹಿಂಸಿಸಿದರು. ಅವನು ಯುವಕನ ಹೆಸರು ಹೇಳಿದ. ಸಾವು ಖಚಿತವೆಂದು ಗೊತ್ತಾದಾಗ ಆ ಮಾತನ್ನು ಹಿಂತೆಗೆದುಕೊಂಡ. ಆದರೂ ಅವನನ್ನು ಕೊಂದರು. ಹಿಂಸೆಗೆ ಸಿಕ್ಕವರು ಹಿಂಸಿಸುವವರಿಗೆ ಬೇಕಾದ್ದನ್ನೇ ಹೇಳುತ್ತಾರೆ ಎಂಬುದು ಆ ಯುವಕನ ವಾದ. ಒತ್ತಾಯಕ್ಕೆ ಸಿಕ್ಕವರು ನಿಜ ಹೇಳುವಷ್ಟೇ ಸುಳ್ಳನ್ನೂ ಹೇಳುತ್ತಾರೆಂಬ ವಾದವನ್ನು ಅರಿಸ್ಟಾಟಲನೂ ‘ವಾಕ್ಚಾತುರ್ಯ’ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಇದನ್ನೇ ಅರಿಸ್ಟೋಫನೀಸ್ ನಗೆಯ ಮೂಲಕ ಹೇಳಿದ. ಕ್ರಿ.ಪೂ. 405ರಲ್ಲಿ ಆಡಿದ ‘ಕಪ್ಪೆಗಳು’ ನಾಟಕದಲ್ಲಿ ಡಯೊನೈಸಸ್ ದೇವತೆಯೂ ಅವನ ಗುಲಾಮ ಜಾಂತಿಯಾಸನೂ ಪಾತಾಳಕ್ಕೆ ಹೋಗುತ್ತಾರೆ, ದಾರಿಯಲ್ಲಿ ವೇಷ ಬದಲಿಸಿಕೊಳ್ಳುತ್ತಾರೆ. ದೇವರು ಯಾರು, ಗುಲಾಮ ಯಾರು ಎಂದು ತಿಳಿಯಲು ಬಾಗಿಲು ಕಾಯುವವನು ಇಬ್ಬರಿಗೂ ಸಮನಾಗಿ ಹೊಡೆಯುತ್ತಾನೆ. ಇಬ್ಬರೂ ಚೀರುತ್ತಾರೆ, ಇಬ್ಬರೂ ಚೀರಲಿಲ್ಲವೆಂದು ನಟಿಸುತ್ತಾರೆ. ಕಡೆಗೆ ಹೊಡೆದವನೇ ಸೋಲೊಪ್ಪುತ್ತಾನೆ. ಅಥೆನ್ಸಿನ ಜನ ನಕ್ಕಿರಬೇಕು. ನಕ್ಕವರು ಮರುದಿನ ನ್ಯಾಯಾಲಯಕ್ಕೆ ಹೋದಾಗ ಕಾನೂನು ಮಾತ್ರ ಹಾಗೆಯೇ ಇತ್ತು.

ಶತಮಾನಗಳು ಕಳೆದಂತೆ ಪದದಲ್ಲಿ ಕಲ್ಲು ಮಸುಕಾಗಿ ಯಾತನೆಯೇ ಮುಂದೆ ಬಂತು. ಗ್ರೀಕಿನಲ್ಲಿರುವ ಲೂಕನ ಸುವಾರ್ತೆಯಲ್ಲಿ, ಬಡ ಲಾಜರನನ್ನು ಬಾಗಿಲಲ್ಲೇ ಬಿಟ್ಟ ಶ್ರೀಮಂತನು ಸತ್ತ ಮೇಲೆ ಅನುಭವಿಸುವ ಯಾತನೆಗೆ ಇರುವುದೂ ಇದೇ ಪದ.

ಕನ್ನಡದಲ್ಲಿ ನಾವು ‘ಒರೆಗೆ ಹಚ್ಚುವುದು’ ಎನ್ನುತ್ತೇವೆ, ಉರ್ದುವಿನಲ್ಲಿ ‘ಕಸೌಟಿ’ ಎನ್ನುತ್ತಾರೆ. ಈ ಎರಡು ಪದಗಳಿಗೂ ಚಿತ್ರಹಿಂಸೆಯ ಕಲೆ ಅಂಟಲಿಲ್ಲ. ಆದರೆ ನೋಯಿಸಿದರೆ ಸತ್ಯ ಹೊರಬೀಳುತ್ತದೆ ಎಂಬ ನಂಬಿಕೆ ಗ್ರೀಕರೊಂದಿಗೆ ಮಣ್ಣಾಗಲಿಲ್ಲ. ಚಿನ್ನಕ್ಕೆ ನೋವಿಲ್ಲ, ಎಷ್ಟು ಸಲ ಉಜ್ಜಿದರೂ ಅದು ಒಂದೇ ಗೆರೆ ಬಿಡುತ್ತದೆ. ಮನುಷ್ಯನಿಗೆ ನೋವಿದೆ, ಅದು ನಿಲ್ಲಲೆಂದು ಅವನು ಯಾವ ಗೆರೆಯನ್ನಾದರೂ ಬಿಡುತ್ತಾನೆ. ವಿದ್ಯಾವಂತ ಅಥೆನ್ಸ್ ಇದನ್ನು ಬಲ್ಲದಾಗಿತ್ತು. ಬಲ್ಲವರಿದ್ದರೂ ಗುಲಾಮನ ಮೈ ಒರೆಗಲ್ಲಾಗುವುದು ತಪ್ಪಲಿಲ್ಲ.