ಎರಡು ತೂತಿನ ವಾಕ್‌ಮನ್

ಪದೇ ಪದೇ ವಿಮಾನ ಹತ್ತುವ ಒಬ್ಬ ಹಿರಿಯರು, ದಾರಿಯಲ್ಲಿ ಹಾಡು ಕೇಳೋಕೆ ತನಗೊಂದು ಹಗುರವಾದ ಯಂತ್ರ ಮಾಡಿಕೊಡಿ ಅಂತ ಕೇಳಿದರು. ನಾನೋ ನೀವೋ ಕೇಳಿದ್ದರೆ ಮನೆಯವರೂ ಕಿವಿಗೆ ಹಾಕಿಕೊಳ್ತಿರಲಿಲ್ಲ. ಕೇಳಿದ್ದು ಮಸಾರು ಇಬುಕಾ, ಸೋನಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು. ಹಾಗಾಗಿ ಯಂತ್ರ ಬಂತು. ಅದೇ ವಾಕ್‌ಮನ್.

ಇಬುಕಾ ಹುಟ್ಟಿದ್ದು 1908ರಲ್ಲಿ. ಅಂದರೆ ಈ ಕತೆ ನಡೆಯುವ ಹೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು, ಕಂಪನಿಯಲ್ಲಿ ಗೌರವಾಧ್ಯಕ್ಷರಾಗಿದ್ದರು. ಅಮೆರಿಕಕ್ಕೆ ಓಡಾಟ ಇನ್ನೂ ನಿಂತಿರಲಿಲ್ಲ. ವಿಮಾನದಲ್ಲಿ ಶಾಸ್ತ್ರೀಯ ಸಂಗೀತ ಕೇಳೋಕೆ ಅಂತ ತಮ್ಮದೇ ಕಂಪನಿಯ ಟಿಸಿ-ಡಿ5 ಅನ್ನೋ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗ್ತಿದ್ದರು. ಅದು ಒಳ್ಳೆಯ ಯಂತ್ರವೇ, ಸ್ಟೀರಿಯೊ ಬೇರೆ. ಆದರೆ ಬ್ಯಾಟರಿ ಹಾಕದೆಯೇ ಒಂದೂಮುಕ್ಕಾಲು ಕೆಜಿ ಹತ್ತಿರ ತೂಕ. ಅದರ ಮೇಲೆ ಎರಡು ದಪ್ಪ ಸೆಲ್, ನಮ್ಮೂರಲ್ಲಿ ದೊಡ್ಡ ಟಾರ್ಚಿಗೆ ಹಾಕ್ತಿದ್ದ ಸೆಲ್. ಅದರ ಜೊತೆಗೆ ಆ ಕಾಲದ ಹೆಡ್‌ಫೋನ್, ಅದೇ ಮುನ್ನೂರು ನಾನ್ನೂರು ಗ್ರಾಂ. ಎಪ್ಪತ್ತರ ಹಿರಿಯರು ಇಷ್ಟನ್ನೂ ತೊಡೆ ಮೇಲೆ ಇಟ್ಟುಕೊಂಡು ಪೆಸಿಫಿಕ್ ಸಾಗರ ದಾಟೋದನ್ನು ಕಲ್ಪಿಸಿಕೊಳ್ಳಿ.

ವಿಮಾನದವರೇ ಹಾಡು ಕೇಳಿಸ್ತಿರಲಿಲ್ವಾ ಅಂದರೆ, ಕೇಳಿಸ್ತಿದ್ದರು. 1963ರಿಂದಲೇ ಆ ವ್ಯವಸ್ಥೆ ಇತ್ತು. ಆದರೆ ಆಗಿನ ಹೆಡ್‌ಫೋನಿನಲ್ಲಿ ಕರೆಂಟೇ ಇರಲಿಲ್ಲ! ಡಾಕ್ಟರ ಸ್ಟೆತಾಸ್ಕೋಪ್ ತರಹ ಪ್ಲಾಸ್ಟಿಕ್ ಕೊಳವೆ. ಪುಟ್ಟ ಸ್ಪೀಕರ್ ಕೂತಿರೋದು ಸೀಟಿನ ಕೈಯೊಳಗೆ, ಅಲ್ಲಿಂದ ಸದ್ದು ಕೊಳವೆಯ ಗಾಳಿಯಲ್ಲಿ ಹಾದು ಕಿವಿಗೆ ಬರೋದು. ಅಗ್ಗ, ಹಗುರ, ಕದ್ದು ಮನೆಗೆ ಒಯ್ದರೂ ಅಲ್ಲಿ ಕೆಲಸಕ್ಕೆ ಬರಲ್ಲ. ವಿಮಾನ ಕಂಪನಿಗಳಿಗೆ ಇನ್ನೇನು ಬೇಕು? ಕೇಳುವವನ ಪಾಡು ಮಾತ್ರ ಬಾವಿಯೊಳಗಿಂದ ಯಾರೋ ಹಾಡಿದ ಹಾಗೆ.

ರೇಡಿಯೊ ಒಯ್ಯೋಣ ಅಂದರೆ ಅದಕ್ಕೂ ಅಡ್ಡಿ. ಇದು ನನ್ನಂಥ ಬಿಇ ಮಾಡಿದವರಿಗೆ ಇಷ್ಟವಾಗೋ ವಿಷಯ, ಒಂದು ನಿಮಿಷ ತಾಳಿಕೊಳ್ಳಿ. ಎಫ್‌ಎಂ ರೇಡಿಯೊ ಹೊರಗಿನ ತರಂಗ ಹಿಡಿಯೋಕೆ ತನ್ನೊಳಗೇ ಒಂದು ತರಂಗ ಹುಟ್ಟಿಸುತ್ತೆ. ಅದು ನಾವು ಕೇಳೋ ಸ್ಟೇಷನ್ನಿಗಿಂತ 10.7 ಮೆಗಾಹರ್ಟ್ಸ್ ಮೇಲಿರುತ್ತೆ. ಅಂದರೆ 100ರ ಸ್ಟೇಷನ್ ಹಾಕಿದರೆ ಒಳಗೆ 110.7 ಹುಟ್ಟುತ್ತೆ. ಪೈಲಟ್‌ಗಳಿಗೆ ದಿಕ್ಕು ತೋರಿಸೋ ನೆಲದ ಕೇಂದ್ರಗಳು ಕೆಲಸ ಮಾಡೋದು 108ರಿಂದ 118ರ ನಡುವೆ. ಪ್ರಯಾಣಿಕ ಸಿನಿಮಾ ಹಾಡು ಹುಡುಕ್ತಾ ರೇಡಿಯೊ ತಿರುಗಿಸಿದರೆ ಪೈಲಟ್ಟಿನ ಮುಳ್ಳೂ ತಿರುಗುವ ಭಯ. ಹಾಗಾಗಿ 1960ರ ದಶಕದಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಪ್ರಯಾಣಿಕರ ಎಲೆಕ್ಟ್ರಾನಿಕ್ ಸಾಮಾನಿಗೆ ಕಡಿವಾಣ ಹಾಕಿತು. ನಿಯಮದಲ್ಲಿ ವಿನಾಯಿತಿ ಸಿಕ್ಕಿದ್ದು ಕೆಲವಕ್ಕೆ ಮಾತ್ರ: ಕಿವುಡಿನ ಯಂತ್ರ, ಹೃದಯದ ಪೇಸ್‌ಮೇಕರ್, ಗಡ್ಡ ಹೆರೆಯೋ ಮಷಿನ್, ಮಾತು ಹಿಡಿಯೋ ಸಣ್ಣ ರೆಕಾರ್ಡರ್. ರೇಡಿಯೊದಿಂದಲೇ ದೊಡ್ಡದಾದ ಸೋನಿಯ ಯಜಮಾನರು ಆಕಾಶದಲ್ಲಿ ಟೇಪು ಹೊರುತ್ತಿದ್ದರು ಅನ್ನೋದು ಒಂಥರಾ ತಮಾಷೆಯೇ.

ಇಬುಕಾ ತಮ್ಮ ಕೋರಿಕೆ ಇಟ್ಟಿದ್ದು ನೊರಿಯೊ ಓಗಾ ಎಂಬ ಹಿರಿಯ ಅಧಿಕಾರಿಯ ಮುಂದೆ. ಓಗಾ ಎಂಜಿನಿಯರ್ ಅಲ್ಲ, ಬರ್ಲಿನ್ನಿನಲ್ಲಿ ಕಲಿತ ಒಪೆರಾ ಹಾಡುಗಾರ. ಕೆಲಸ ಬಂದಿದ್ದು ಟೇಪ್ ರೆಕಾರ್ಡರ್ ವಿಭಾಗದ ಕೊಜೊ ಓಸೊನೆ ಅವರ ತಂಡಕ್ಕೆ. ಅವರ ಹತ್ತಿರ ಆಗಲೇ ಪ್ರೆಸ್‌ಮನ್ ಅನ್ನೋ ಯಂತ್ರ ಇತ್ತು, ಪತ್ರಕರ್ತರು ಅಂಗೈಯಲ್ಲಿ ಹಿಡಿದು ಸಂದರ್ಶನ ರೆಕಾರ್ಡ್ ಮಾಡ್ಕೊಳ್ಳೋಕೆ ಮಾಡಿದ್ದು. ಹುಡುಗರು ಅದನ್ನು ಬಿಚ್ಚಿದರು. ರೆಕಾರ್ಡ್ ಮಾಡುವ ಭಾಗ ತೆಗೆದರು. ಸ್ಪೀಕರ್ ತೆಗೆದರು. ಖಾಲಿಯಾದ ಜಾಗದಲ್ಲಿ ಸ್ಟೀರಿಯೊ ಸರ್ಕ್ಯೂಟ್ ಕೂರಿಸಿದರು. ಮುಗೀತು.

ಈ 'ತೆಗೆದರು' ಅನ್ನೋ ಮಾತಿನ ಭಾರ ಸಾಫ್ಟ್‌ವೇರ್‌ನಲ್ಲಿ ಇರೋರಿಗೆ ಚೆನ್ನಾಗಿ ಗೊತ್ತು. ಹೊಸದೊಂದು ಬಟನ್ ಸೇರಿಸ್ತೀನಿ ಅಂದರೆ ಮೀಟಿಂಗಿನಲ್ಲಿ ಎಲ್ಲರೂ ತಲೆ ಆಡಿಸ್ತಾರೆ. ಇರೋ ಬಟನ್ ತೆಗೀತೀನಿ ಅಂದು ನೋಡಿ, ಇಡೀ ಊರೇ ಜಗಳಕ್ಕೆ ನಿಲ್ಲುತ್ತೆ. ಸೋನಿಯಲ್ಲೂ ಆಗಿದ್ದು ಅದೇ. ರೆಕಾರ್ಡ್ ಮಾಡದ ಟೇಪ್ ರೆಕಾರ್ಡರ್ ಯಾರು ಕೊಳ್ಳುತ್ತಾರೆ ಅನ್ನೋ ಅನುಮಾನ ಒಳಗಿನವರಿಗೇ ಇತ್ತು. ಅದಕ್ಕೆ ಬೆನ್ನು ಕೊಟ್ಟು ನಿಂತವರು ಇನ್ನೊಬ್ಬ ಸ್ಥಾಪಕರಾದ ಅಕಿಯೊ ಮೊರಿಟಾ. ಅದೃಷ್ಟಕ್ಕೆ ಅದೇ ಕಂಪನಿಯ ಬೇರೊಂದು ವಿಭಾಗ ಸುಮಾರು ಐವತ್ತು ಗ್ರಾಂ ತೂಕದ ಹೆಡ್‌ಫೋನ್ ತಯಾರಿಸ್ತಾ ಇತ್ತು. ಎರಡನ್ನೂ ಜೋಡಿಸಿದರು. 1979ರ ಜುಲೈ 1ರಂದು ಟಿಪಿಎಸ್-ಎಲ್2 ಜಪಾನಿನ ಅಂಗಡಿಗಳಿಗೆ ಬಂತು. ತೂಕ 390 ಗ್ರಾಂ, ಬೆಲೆ 33,000 ಯೆನ್. ಕಂಪನಿಗೆ ಆಗ 33 ವರ್ಷ ತುಂಬಿತ್ತು, ಅದಕ್ಕೇ ಆ ಬೆಲೆ ಅಂತಾರೆ. ಮೊದಲ ಕಂತಿನ ಮೂವತ್ತು ಸಾವಿರದಲ್ಲಿ ಜುಲೈ ತಿಂಗಳಲ್ಲಿ ಹೋಗಿದ್ದು ಬರೀ ಮೂರು ಸಾವಿರ. ಸಿಬ್ಬಂದಿ ಅದನ್ನು ಕಿವಿಗೆ ಹಾಕಿಕೊಂಡು ಟೋಕಿಯೊದ ಯಮನೋತೆ ರೈಲಿನಲ್ಲಿ ಸುಮ್ಮನೆ ಸುತ್ತು ಹೊಡೆದರು, ಜನ ನೋಡಲಿ ಅಂತ. ಆಗಸ್ಟ್ ಮುಗಿಯುವುದರೊಳಗೆ ಉಳಿದಿದ್ದೂ ಖಾಲಿ.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸೋದು ಆ ಮೊದಲ ಮಾದರಿಯ ತಲೆಯ ಮೇಲಿರೋ ಎರಡು ತೂತು. ಎರಡು ಹೆಡ್‌ಫೋನ್ ಹಾಕಿ ಇಬ್ಬರು ಒಟ್ಟಿಗೆ ಕೇಳಬಹುದಿತ್ತು. ಪಕ್ಕದಲ್ಲಿ ಒಂದು ಕಿತ್ತಳೆ ಬಣ್ಣದ ಬಟನ್. ಅದನ್ನು ಒತ್ತಿದರೆ ಹಾಡಿನ ದನಿ ತಗ್ಗಿ, ಒಳಗಿರೋ ಸಣ್ಣ ಮೈಕಿನ ಮೂಲಕ ಪಕ್ಕದವರ ಮಾತು ಕೇಳಿಸೋದು. ಮೊರಿಟಾ ಇದರ ಕಾರಣವನ್ನು ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಮಾದರಿಯನ್ನು ಮನೆಗೆ ತಂದು ಕೇಳ್ತಾ ಕೂತಾಗ ಅವರ ಹೆಂಡತಿಗೆ ಬೇಜಾರಾಯ್ತಂತೆ, ತನ್ನನ್ನು ಹೊರಗಿಟ್ಟ ಹಾಗಾಯ್ತು ಅಂತ. ಒಬ್ಬರೇ ಕೇಳೋದು ಜನರಿಗೆ ಒರಟುತನವಾಗಿ ಕಾಣುತ್ತೆ ಅಂತ ಮಾಡಿದವರಿಗೇ ಅಳುಕಿತ್ತು. ಯಂತ್ರದಿಂದ ಅಷ್ಟೆಲ್ಲ ಕಿತ್ತು ಹಾಕಿದವರು ಹೊಸದಾಗಿ ಸೇರಿಸಿದ್ದು ಇದೊಂದನ್ನೇ: ಪಕ್ಕದವರಿಗೊಂದು ಜಾಗ.

ಕೊಂಡವರಿಗೆ ಆ ಅಳುಕು ಇರಲಿಲ್ಲ. ಇದು ನನ್ನದು, ನನ್ನ ಕಿವಿಗೆ ಅಂತಲೇ ಕೊಂಡರು. 1981ರಲ್ಲಿ ಬಂದ ಎರಡನೇ ಮಾದರಿಯಲ್ಲಿ ಕಿತ್ತಳೆ ಬಟನ್ ಇರಲಿಲ್ಲ. ಮುಂದೆ ಒಂದು ತೂತೂ ಹೋಯಿತು.

ಇಲ್ಲಿ ಇನ್ನೊಬ್ಬರ ಹೆಸರು ಹೇಳದೆ ಹೋದರೆ ಅನ್ಯಾಯ. ಜರ್ಮನಿಯಲ್ಲಿ ಹುಟ್ಟಿ ಬ್ರೆಜಿಲ್‌ನಲ್ಲಿ ಬೆಳೆದ ಆಂಡ್ರಿಯಾಸ್ ಪಾವೆಲ್ 1972ರಲ್ಲೇ ಸೊಂಟಕ್ಕೆ ಕಟ್ಟಿಕೊಂಡು ಸ್ಟೀರಿಯೊ ಕೇಳೋ ಯಂತ್ರ ಮಾಡಿಕೊಂಡಿದ್ದರು. ಮೊದಲು ಕೇಳಿದ್ದು ಸ್ವಿಟ್ಜರ್ಲೆಂಡಿನ ಹಿಮದಲ್ಲಿ, ಗೆಳತಿಯ ಜೊತೆ. 1977ರಲ್ಲಿ ಇಟಲಿಯಲ್ಲಿ ಪೇಟೆಂಟ್‌ಗೆ ಅರ್ಜಿಯನ್ನೂ ಹಾಕಿದರು. ಸೋನಿಯ ಜೊತೆ ಅವರ ಜಗಳ ಎರಡು ದಶಕಕ್ಕೂ ಹೆಚ್ಚು ಕಾಲ ನಡೆದು, ಇಂಗ್ಲೆಂಡಿನ ಕೋರ್ಟಿನಲ್ಲಿ ಸೋತು, ಕೊನೆಗೆ ಹೊರಗೆ ರಾಜಿಯಾಯ್ತು. ಇಬುಕಾ ಅವರಿಗೆ ಕೇಳಿದ್ದನ್ನು ಮಾಡಿಕೊಡೋ ಕಾರ್ಖಾನೆ ಇತ್ತು, ಪಾವೆಲ್‌ಗೆ ಇರಲಿಲ್ಲ. ನನಗೆ ಕಾಣೋ ವ್ಯತ್ಯಾಸ ಅಷ್ಟೇ.

ಈ ಯಂತ್ರದೊಳಗೆ ತಿರುಗ್ತಿದ್ದ ಕ್ಯಾಸೆಟ್ ಇದೆಯಲ್ಲ, ಅದು 1963ರಲ್ಲಿ ಫಿಲಿಪ್ಸ್ ಕಂಪನಿಯ ಲೂ ಓಟೆನ್ಸ್ ತಂಡ ತಂದದ್ದು. ಓಟೆನ್ಸ್ ಮೊದಲು ತಮ್ಮ ಕೋಟಿನ ಜೇಬಿಗೆ ಹಿಡಿಸೋ ಹಾಗೆ ಒಂದು ಮರದ ತುಂಡು ಕೊಯ್ದುಕೊಂಡು, ಇದಕ್ಕಿಂತ ದೊಡ್ಡದಾಗಬಾರದು ಅಂದರಂತೆ. ಅದೇ ಕ್ಯಾಸೆಟ್ ಟೋಕಿಯೊದಲ್ಲಿ ಒಬ್ಬನನ್ನು ರೈಲಿನ ಗದ್ದಲದಿಂದ ಬೇರೆ ಮಾಡಿತು. ನಮ್ಮ ಹೊಸನಗರದ ಕಡೆ ಮಾಡಿದ್ದು ಉಲ್ಟಾ ಕೆಲಸ. ನಮ್ಮನೆಯ ಟೂ-ಇನ್-ಒನ್ ಜಗಲಿಯ ಕಿಟಕಿಯಲ್ಲಿ ಕೂತಿರೋದು. ಸಂಜೆ ಅಪ್ಪಯ್ಯ ಕಾಳಿಂಗ ನಾವಡರ ಕ್ಯಾಸೆಟ್ ಹಾಕಿದರೆ ಅಡಿಕೆ ಸುಲಿಯೋಕೆ ಬಂದವರು, ಹಾಲು ಕೊಡೋಕೆ ಬಂದವರು, ಸುಮ್ಮನೆ ಬಂದವರು, ಎಲ್ಲ ಅಲ್ಲೇ. ನಾವಡರು 1990ರಲ್ಲಿ, ಮೂವತ್ತು ಚಿಲ್ಲರೆ ವಯಸ್ಸಿಗೇ ಅಪಘಾತದಲ್ಲಿ ತೀರಿಕೊಂಡಿದ್ದರು. ನಾನು ಅವರನ್ನು ರಂಗದ ಮೇಲೆ ನೋಡಿದ್ದೇ ಇಲ್ಲ. ಆದರೂ ಅವರ ಪದ್ಯ ನನಗೆ ಬಾಯಿಪಾಠ, ಕ್ಯಾಸೆಟ್ಟಿನ ದೆಸೆಯಿಂದ.

ಈಗ ವಿಮಾನಕ್ಕೆ ವಾಪಸ್ ಬರೋಣ. ಇಬುಕಾ ಅವರ ಯಂತ್ರ ಭಾರದ ಸಮಸ್ಯೆ ಬಿಡಿಸಿತು, ಸದ್ದಿನದ್ದಲ್ಲ. ಆ ಹಗುರ ಹೆಡ್‌ಫೋನಿನ ಕಿವಿಗೆ ಬರೀ ಸ್ಪಂಜು, ಹೊರಗಿನ ಸದ್ದು ಸೀದಾ ಒಳಗೆ. ಎಂಜಿನ್ನಿನ ಗುಂಯ್ ಅನ್ನೋದು ತಗ್ಗು ಸ್ವರಗಳನ್ನೆಲ್ಲ ನುಂಗುತ್ತೆ. ಯಕ್ಷಗಾನವನ್ನೇ ತಗೊಳ್ಳಿ, ಚಂಡೆ ಹೇಗೋ ತೂರಿಕೊಂಡು ಬರುತ್ತೆ, ಮದ್ದಳೆ ಮಾಯ.

ಇದಕ್ಕೆ ಮದ್ದು ಹುಡುಕಿದ್ದು ಇನ್ನೊಬ್ಬ ಪ್ರಯಾಣಿಕ, ಅದೂ ಹೆಚ್ಚುಕಮ್ಮಿ ಅದೇ ಕಾಲದಲ್ಲಿ. ಅಮರ್ ಬೋಸ್. ಅಪ್ಪ ಬ್ರಿಟಿಷರಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಬಂಗಾಳಿ ಹೋರಾಟಗಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಹುಡುಗ ಅಮರ್ ರೇಡಿಯೊ ರಿಪೇರಿ ಮಾಡಿ ಮನೆ ಖರ್ಚಿಗೆ ಹೆಗಲು ಕೊಟ್ಟವರು, ಮುಂದೆ ಎಂಐಟಿಯಲ್ಲಿ ಪ್ರೊಫೆಸರ್. 1978ರಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಬರುವಾಗ ವಿಮಾನದವರು ಹೊಸ ನಮೂನೆಯ ಹೆಡ್‌ಫೋನ್ ಕೊಟ್ಟರು. ಎಂಜಿನ್ ಸದ್ದಿನಲ್ಲಿ ಏನೂ ಕೇಳಲಿಲ್ಲ. ಕೂತಲ್ಲೇ ಕಾಗದ ತೆಗೆದು ಲೆಕ್ಕ ಶುರು ಮಾಡಿದರು. ಸದ್ದು ಏರುವಾಗ ನಾವು ಇಳಿಯೋ ಅಲೆ ಕೊಟ್ಟರೆ ಎರಡೂ ಸೇರಿ ಸೊನ್ನೆ. ಈ ಉಪಾಯ ಹೊಸದೇನಲ್ಲ, ಪೌಲ್ ಲ್ಯೂಗ್ ಅನ್ನೋ ಜರ್ಮನ್ನರಿಗೆ 1936ರಲ್ಲೇ ಇದರ ಅಮೆರಿಕನ್ ಪೇಟೆಂಟ್ ಸಿಕ್ಕಿತ್ತು. ಕಷ್ಟ ಇರೋದು ಅದನ್ನು ಕಿವಿಯ ಬಟ್ಟಲಿನೊಳಗೆ, ತಡವಾಗದ ಹಾಗೆ ಮಾಡೋದರಲ್ಲಿ. 100 ಹರ್ಟ್ಸ್ ಸದ್ದಿನ ಒಂದು ಅಲೆ ಮೂರೂವರೆ ಮೀಟರ್ ಹತ್ತಿರ ಉದ್ದ, ನಿಧಾನದ ಪ್ರಾಣಿ, ಹಿಂದೆ ಓಡಿ ಹಿಡಿಯಬಹುದು. ಮಗು ಅಳೋ ಸದ್ದಿನ ಅಲೆ ಅದಕ್ಕಿಂತ ಎಷ್ಟೋ ಗಿಡ್ಡ. ಇವತ್ತಿನ ದುಬಾರಿ ಹೆಡ್‌ಫೋನೂ ಎಂಜಿನ್ನನ್ನು ಅಳಿಸಿ ಹಿಂದಿನ ಸೀಟಿನ ಮಗುವನ್ನು ಉಳಿಸೋದು ಇದಕ್ಕೇ. ಬೋಸ್ ಲೆಕ್ಕ ಅಂಗಡಿಗೆ ಬರೋಕೆ ಹನ್ನೊಂದು ವರ್ಷ ಹಿಡೀತು. 1986ರಲ್ಲಿ ಎಲ್ಲೂ ಇಳಿಯದೆ ಭೂಮಿ ಸುತ್ತಿದ ವಾಯೇಜರ್ ವಿಮಾನದ ಇಬ್ಬರು ಚಾಲಕರು ಒಂಬತ್ತು ದಿನ ಅದರ ಮಾದರಿಯನ್ನು ಬಳಸಿದರು. 1989ರಲ್ಲಿ ಪೈಲಟ್‌ಗಳಿಗೆ ಮಾರಾಟ ಶುರುವಾಯ್ತು. ನಮ್ಮಂಥ ಪ್ರಯಾಣಿಕರ ಸರದಿ 2000ದಲ್ಲಿ.

ಕೆಲಸದ ಮೇಲೆ ವರ್ಷಕ್ಕೆ ಹತ್ತಾರು ಸಲ ವಿಮಾನ ಹತ್ತೋನು ನಾನು. ನನ್ನ ಜೋಡಣೆ ಇಷ್ಟು: ಸಿಮ್ ತೆಗೆದ, ಪ್ಲೇಯರ್ ಒಂದು ಬಿಟ್ಟು ಎಲ್ಲ ಆ್ಯಪ್ ಕಿತ್ತೆಸೆದ ಹಳೇ ಫೋನು. 128 ಜಿಬಿ ಕಾರ್ಡು. ವೈರಿರೋ ಹೆಡ್‌ಫೋನ್, ಸದ್ದು ಅಳಿಸೋದು. 10,000 ಎಂಎಎಚ್ ಪವರ್ ಬ್ಯಾಂಕ್, ಅಂದರೆ 37 ವ್ಯಾಟ್-ಅವರ್. ವಿಮಾನದಲ್ಲಿ ಕೇಳದೇ ಒಯ್ಯಬಹುದಾದ ಮಿತಿ 100, ಅದೂ ಕೈಚೀಲದಲ್ಲೇ ಇರಬೇಕು. ರಾಸ್ಪ್‌ಬೆರಿ ಪೈ ಬೋರ್ಡಿನಲ್ಲಿ ಸ್ವಂತ ಪ್ಲೇಯರ್ ಕಟ್ಟೋ ಆಸೆ ಇತ್ತು, ವೈರು ಇಣುಕೋ ಡಬ್ಬಿ ಹಿಡಿದು ಸೆಕ್ಯುರಿಟಿ ಚೆಕ್ಕಿನಲ್ಲಿ ನಿಲ್ಲೋ ಧೈರ್ಯ ಇಲ್ಲ ಮಾರಾಯ್ರೆ. ಕಾರ್ಡಿನೊಳಗೆ ಇರೋದು ನಮ್ಮನೆಯ ಕ್ಯಾಸೆಟ್ಟುಗಳು. ಒಂದೊಂದನ್ನೂ ಕಂಪ್ಯೂಟರಿಗೆ ಇಳಿಸಿ, ತಗ್ಗು ದನಿ ಎತ್ತಿ ಏರು ದನಿ ಇಳಿಸೋ ಸಣ್ಣ ಪ್ರೋಗ್ರಾಂ ಬರೆದು ಹಾಯಿಸಿದ್ದೇನೆ, ಇಲ್ಲದಿದ್ರೆ ಭಾಗವತರ ಆಲಾಪ ಆಕಾಶದಲ್ಲಿ ಕೇಳೋದೇ ಇಲ್ಲ. ದೇವಸ್ಥಾನದ ತಾಳಮದ್ದಳೆಯೊಂದನ್ನು ಅಪ್ಪಯ್ಯ ಅದೇ ಟೂ-ಇನ್-ಒನ್‌ನಲ್ಲಿ ಹಿಡಿದಿದ್ದರು. ಅರ್ಥದ ನಡುವೆ ನಮ್ಮಜ್ಜಿ ಕೆಮ್ಮುತ್ತೆ, ಯಾರೋ ಎಲೆಯಡಿಕೆ ಕೇಳ್ತಾರೆ, ಮಗು ಒಂದು ರಗಳೆ ಮಾಡುತ್ತೆ. ಅದನ್ನೆಲ್ಲ ಒರೆಸೋ ಸಾಫ್ಟ್‌ವೇರ್ ಇದೆ, ನಾನು ಮುಟ್ಟಿಲ್ಲ. ಅಜ್ಜಿ ಈಗಿಲ್ಲ. ಅದರ ದನಿ ಅಂತ ಉಳಿದಿರೋದು ಆ ಕೆಮ್ಮು ಒಂದೇ.

ಹೋದ ವರ್ಷ ಅಪ್ಪಯ್ಯ, ಅಮ್ಮ ಇಬ್ಬರನ್ನೂ ಕಾಶಿಗೆ ಕರೆದುಕೊಂಡು ಹೋದೆ. ಇಬ್ಬರಿಗೂ ಮೊದಲ ವಿಮಾನ. ಹೊರಡೋ ಮುಂಚೆ ಎಸ್‌ಪಿ ರೋಡಿಗೆ ಹೋಗಿ, ಒಂದು ತೂತನ್ನು ಎರಡು ಮಾಡೋ ಪುಟ್ಟ ವೈರು ತಂದಿಟ್ಟುಕೊಂಡೆ. ಒಳ್ಳೆ ಹೆಡ್‌ಫೋನ್ ಅಪ್ಪಯ್ಯಂಗೆ, ಸಾದಾದ್ದು ನಂಗೆ. ವಿಮಾನ ಮೇಲೇರಿ ಸಮ ಆದ ಮೇಲೆ ಅದೇ ತಾಳಮದ್ದಳೆ ಹಾಕಿದೆ. ಅಪ್ಪಯ್ಯ ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿದರು. ಅಜ್ಜಿ ಕೆಮ್ಮಿದಾಗ ಕಣ್ಣು ಬಿಟ್ಟು ನನ್ನ ಕಡೆ ನೋಡಿದರು. ಆಮೇಲೆ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡು, "ಇದು ಮನೇಲೂ ಕೇಳ್ತದೆ ಮಾರಾಯ. ವಿಮಾನದ ಸದ್ದು ಸ್ವಲ್ಪ ಕೇಳ್ತೆ ತಡಿ" ಅಂದು ಕಿಟಕಿ ಕಡೆ ತಿರುಗಿದರು.